ಆರನೆಯ ವಹಿ

ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ನನ್ನ ಗಂಡ ಶಾಲೆಯಿಂದ ಒಂದು ಚೀಲ ಹಳೆಯ ವಹಿಗಳನ್ನು ತರುತ್ತಿದ್ದರು. ಜೇವರ್ಗಿಯ ಶಾಲೆಯೊಂದರಲ್ಲಿ ಅವರು ಜವಾನರು. ಮಕ್ಕಳು ಬಿಟ್ಟುಹೋದ ಆ ವಹಿಗಳ ಕೊನೆಯಲ್ಲಿ ಹತ್ತಿಪ್ಪತ್ತು ಹಾಳೆ ಬರೆಯದೆ ಉಳಿದಿರುತ್ತಿದ್ದವು. ನಾನು ಅವನ್ನು ಬಿಡಿಸಿ, ಜೋಡಿಸಿ, ದಬ್ಬಣದಿಂದ ತೂತು ಹಾಕಿ, ದಾರದಿಂದ ಹೊಲಿದು, ಮೇಲೆ ಖಾಕಿ ಕಾಗದ ಅಂಟಿಸಿ ಹೊಸ ವಹಿ ಮಾಡುತ್ತಿದ್ದೆ. ಒಳಗೆ ಕೆಲವು ಹಾಳೆಗೆ ನೀಲಿ ಗೆರೆ, ಕೆಲವಕ್ಕೆ ಲೆಕ್ಕದ ಚೌಕ. ಮೇಲಿನಿಂದ ನೋಡಿದರೆ ಎಲ್ಲವೂ ಅಕ್ಕತಂಗಿಯರ ಹಾಗೆ ಒಂದೇ ತರಹ.

ನಮಗೆ ಹೊಲವಿಲ್ಲ. ಬಿಳಿಜೋಳ ಕಿತ್ತು ಮುಗಿದ ಮೇಲೆ ನಮ್ಮ ಚರ್ಚಿನಲ್ಲಿ ಸುಗ್ಗಿಯ ಸ್ತೋತ್ರದ ಭಾನುವಾರ ಬರುತ್ತದೆ. ಹೊಲವಿದ್ದವರು ತೆನೆ, ಕಡಲೆಗಿಡ, ಕುಂಬಳಕಾಯಿ ತಂದು ಮುಂದೆ ಇಡುತ್ತಾರೆ. ಇಲ್ಲದವರು ತಮ್ಮ ಕೈಯಿಂದ ಮಾಡಿದ್ದನ್ನು ಇಡಬೇಕು. ಆರಾಧನೆ ಮುಗಿದ ಮೇಲೆ ಎಲ್ಲವನ್ನೂ ಅಂಗಳದಲ್ಲಿ ಹರಾಜು ಹಾಕುತ್ತಾರೆ. ನಮ್ಮ ಅತ್ತೆ ಚಂದಮ್ಮ ಮೊದಲೆಲ್ಲ ಹುತ್ತದ ಮಣ್ಣಿನ ಒಲೆ ಮಾಡಿ ಕೊಡುತ್ತಿದ್ದರು. ಅವರು ಹಾಕಿದ ಒಲೆ ಹೊಗೆಯಾಡುವುದಿಲ್ಲ ಎಂದು ಸುತ್ತ ನಾಲ್ಕು ಊರಿಗೆ ಹೆಸರು. ಮೊಣಕಾಲು ನೋವು ಶುರುವಾದ ಮೇಲೆ ಒಲೆ ನಿಂತಿತು, ನನ್ನ ವಹಿ ಶುರುವಾದವು. ಎಂಬತ್ತಾರನೆಯ ಇಸವಿಯಲ್ಲಿ ನಾನು ಏಳು ಹೊಲಿದೆ. ಆರು ಚರ್ಚಿಗೆ, ಒಂದು ನನಗೆ.

ಆ ಒಂದರ ವಿಷಯ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸ್ತ್ರೀಯರ ಕೂಟದಲ್ಲಿ ಒಬ್ಬೊಬ್ಬರೇ ಎದ್ದು ಬಾಯಿಬಿಟ್ಟು ಪ್ರಾರ್ಥನೆ ಮಾಡಬೇಕು. ನನ್ನ ಸರದಿ ಬಂದರೆ ನಾಲಿಗೆ ಒಣಗಿ ಹೋಗುತ್ತಿತ್ತು. ಪಾಸ್ಟರಮ್ಮನವರು ಒಂದು ದಿನ ಪಕ್ಕಕ್ಕೆ ಕರೆದು, "ಹೇಳಾಕ ಬರಲಿಲ್ಲಂದ್ರ ಬರೀರಿ, ಅಂಬುಬಾಯಿ. ಆತ ಓದ್ತಾನ" ಎಂದರು. ನಾನು ಏಳನೆಯ ಇಯತ್ತೆವರೆಗೆ ಓದಿದವಳು. ಹಿಟ್ಟು ನಾದಿ ಮುಚ್ಚಿಟ್ಟು, ಬೇಳೆಗೆ ನೀರು ಇಟ್ಟು, ಅದು ಕುದಿಯುವುದರೊಳಗೆ ನಾಲ್ಕು ಸಾಲು ಬರೆಯುತ್ತಿದ್ದೆ. ಮೇಲೆ ದೊಡ್ಡದಾಗಿ 'ಪ್ರಭುವೇ' ಎಂದು ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ, ಪೆನ್ಸಿಲಿನಿಂದ. ಬರೆದಾದ ಮೇಲೆ ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತಿದ್ದೆ.

ಆ ಸುಗ್ಗಿಯ ಭಾನುವಾರಕ್ಕೆ ಯಡ್ರಾಮಿಯಿಂದ ಸುಭದ್ರಾಬಾಯಿಯವರು ಬಂದಿದ್ದರು. ಹಬ್ಬದ ನೆಪ, ನಿಜವಾಗಿ ನಮ್ಮ ಸುವಾರ್ತಾಳನ್ನು ನೋಡಲು. ಅವರ ಮಗ ಪ್ರಭುದಾಸ ಲಾರಿ ಡ್ರೈವರ್. ತೊಗರಿ ತುಂಬಿಕೊಂಡು ಸೊಲ್ಲಾಪುರಕ್ಕೆ ಹೋಗಿ ಬರುತ್ತಾನೆ. ಸುವಾರ್ತಾಳಿಗೆ ಹತ್ತೊಂಬತ್ತು, ಬಾಲವಾಡಿಯಲ್ಲಿ ಸಹಾಯಕಿ. ಬಿಳಿ ಸೀರೆ ಉಟ್ಟು ಹುಡುಗಿಯರ ಜೊತೆ ಹಾಡಲು ನಿಂತಿದ್ದಳು. ಸುಭದ್ರಾಬಾಯಿ ಹಾಡು ಮುಗಿಯುವವರೆಗೂ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

ಹರಾಜಿನಲ್ಲಿ ನನ್ನ ವಹಿಗಳ ಸರದಿ ಬಂತು.

"ಆರು ವಹಿ! ಅಂಬುಬಾಯಿ ಹೊಲದದ್ದು! ಕೋಳಿ ಒಯ್ದ್ರ ಒಂದ ಊಟ, ವಹಿ ಒಯ್ದ್ರ ವರ್ಷ ತನಕ! ಯಾರ್ರಿ, ಎರಡು ರೂಪಾಯಿ!"

"ಐದು!" ಎಂದರು ಸುಭದ್ರಾಬಾಯಿ. "ಬ್ಯಾರೆ ಯಾರೂ ಬಾಯಿ ತೆರೀಬ್ಯಾಡ್ರಿ. ನಮ್ಮ ಬೀಗತಿ ಹೊಲದದ್ದು ನಾನೇ ಒಯ್ಯಾಕಿ."

ಅಂಗಳವೆಲ್ಲ ನಕ್ಕಿತು. ಯಾರೋ, "ಇನ್ನಾ ಹೆಣ್ಣಿಗಿ ಹೂಂ ಅಂದಿಲ್ಲ, ಆಗಲೇ ಬೀಗತಿ ಆದ್ಳು" ಎಂದರು. ನಮ್ಮ ಅತ್ತೆಯ ಮುಖ ಅರಳಿತು. ನನ್ನ ಕಡೆ ನೋಡಿ, ಆಯಿತು ಎನ್ನುವ ಹಾಗೆ ತಲೆ ಆಡಿಸಿದರು.

ಸಂಜೆ ರೊಟ್ಟಿಗೆ ಹಿಟ್ಟು ತೆಗೆಯುವಾಗ ಡಬ್ಬಿಯ ಹಿಂದೆ ಕೈ ಹಾಕಿದೆ. ಪೆನ್ಸಿಲು ಸಿಕ್ಕಿತು. ವಹಿ ಸಿಗಲಿಲ್ಲ.

"ಯತ್ತಿ, ಇಲ್ಲೊಂದು ವಹಿ ಇತ್ತಲ್ರಿ?"

"ಇತ್ತು. ನಾನೇ ತಗದು ಗಂಟಿನಾಗ ಹಾಕೀನಿ." ಅತ್ತೆ ಬೆಳ್ಳುಳ್ಳಿ ಸುಲಿಯುತ್ತಾ ಕುಳಿತಿದ್ದರು. "ನಿನ್ನೆ ಗಂಟು ಕಟ್ಟುವಾಗ ಎಣಿಸಿದ್ರ ಐದ ಅವ. ಸುವಾರ್ತಾ ಒಂದು ಬಾಲವಾಡಿ ಹಾಜರಿ ಬರಿಯಾಕ ಒಯ್ದಿದ್ಳಂತ. ದೇವರಿಗಿ ಆರು ಅಂತ ಹೇಳಿ ಐದು ಕೊಡತಾರೇನು? ಹುಡುಕಿ ಹುಡುಕಿ ಆರು ಮಾಡೀನಿ."

"ಅದರಾಗ ಬರದಿತ್ತ್ರಿ."

"ಬರದಿದ್ರ ಏನಾತು? ನನಗೇನು ಓದಾಕ ಬರ್ತದ? ಏನ್ ಬರದಿದ್ದಿ, ಪಗಾರದ ಲೆಕ್ಕೇನು?"

"ಪ್ರಾರ್ಥನಿ."

"ಹಂಗಾದ್ರ ಇನ್ನಾ ಚಲೋ ಆತಲ್ಲ!"

"ಸುವಾರ್ತಾನ ಫಿಟ್ಸಿನ ಬಗ್ಗಿ ಬರದೀನಿ ಯತ್ತಿ."

ಬೆಳ್ಳುಳ್ಳಿ ಅವರ ಕೈಯಲ್ಲೇ ಉಳಿಯಿತು.

ಸುವಾರ್ತಾಳಿಗೆ ಏಳನೆಯ ವರ್ಷದಲ್ಲಿ ಮೊದಲ ಸಲ ಫಿಟ್ಸ್ ಬಂತು. ಹನ್ನೆರಡರಲ್ಲಿ ಒಲೆಯ ಮೇಲೆಯೇ ಬಿದ್ದಳು. ನಾನು ನಳದ ಹತ್ತಿರ ಇದ್ದೆ. ಪಕ್ಕದ ಮನೆಯ ಜೈತುನಬಿ ಓಡಿ ಬಂದು ಎಳೆದದ್ದರಿಂದ ಮುಖ ಉಳಿಯಿತು. ಎಡಗೈ ಮೊಣಕೈಯವರೆಗೆ ಸುಟ್ಟಿತು. ಕಲೆ ಕಂಡವರಿಗೆ ಕಾದ ಎಣ್ಣೆ ಸಿಡಿಯಿತು ಎಂದು ಹೇಳುತ್ತಾ ಬಂದಿದ್ದೇವೆ. ಗುಲಬರ್ಗಾದ ಡಾಕ್ಟರು ದಿನಾ ಒಂದು ಬಿಳಿ ಗುಳಿಗೆ ಕೊಟ್ಟು, ತಪ್ಪಿಸಬೇಡಿ ಎಂದರು. ಈಗ ಮೂರು ವರ್ಷದಿಂದ ಒಂದು ಸಲವೂ ಬಿದ್ದಿಲ್ಲ. ನಾವು ಮೂವರು ದೊಡ್ಡವರು, ಅವಳು, ಜೈತುನಬಿ. ಇಷ್ಟು ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ.

ಯಡ್ರಾಮಿಯ ಮಾತು ಬಂದ ದಿನವೇ ಅತ್ತೆ ನಿರ್ಧಾರ ಮಾಡಿದ್ದರು. ಹೇಳುವುದು ಬೇಡ. ಮದುವೆಗೆ ತಿಂಗಳಿರುವಾಗ ಗುಳಿಗೆ ನಿಲ್ಲಿಸಿಬಿಡಬೇಕು, ಗಂಡನ ಮನೆಗೆ ಗುಳಿಗೆ ಒಯ್ದರೆ ಮರುದಿನವೇ ಕೇಳುತ್ತಾರೆ. ನನ್ನ ಗಂಡ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅದನ್ನೇ ನಾನು ವಹಿಯಲ್ಲಿ ಬರೆದಿದ್ದೆ.

"ಬರೀ ಅಂತ ನಿನಗ್ಯಾರು ಹೇಳಿದ್ರು?" ಊಟಕ್ಕೆ ಕುಳಿತ ಗಂಡ ತಟ್ಟೆ ಮುಂದಕ್ಕೆ ತಳ್ಳಿದರು. "ಬಾಯಿ ಇಲ್ಲೇನು? ಪ್ರಾರ್ಥನಿ ಬಾಯಿಲೆ ಮಾಡಬೇಕು."

"ದೇವರಿಗಿ ಕಿವಿ ಅವ ಬೇ," ಎಂದರು ಅತ್ತೆ. "ಅವನ ಕಣ್ಣಿಗಿ ಯಾಕ ತ್ರಾಸ ಕೊಟ್ಟಿ?"

"ನೀವು ಡಬ್ಬಿ ಹಿಂದ ಕೈ ಹಾಕಲಿಲ್ಲಂದ್ರ ಏನೂ ಆಗ್ತಿರಲಿಲ್ರಿ."

"ಹೌದವ್ವ, ನಂದೇ ತಪ್ಪು! ದೇವರಿಗಿ ಲೆಕ್ಕ ಬರೋಬರ್ ಕೊಟ್ಟದ್ದು ತಪ್ಪು!" ಆಮೇಲೆ ದನಿ ತಗ್ಗಿಸಿ ಕೇಳಿದರು: "ಅದರಾಗ ನನ್ನ ಬಗ್ಗಿನೂ ಬರದಿಯೇನು? ಗುಳಿಗಿ ನಿಲ್ಲಸು ಅಂದದ್ದು?"

ನಾನು ತವದ ಮೇಲಿನ ರೊಟ್ಟಿ ತಿರುವಿದೆ.

"ಬರದಾಳ," ಎಂದರು ಮಗನ ಕಡೆ ನೋಡಿ. "ಮಾರಿ ನೋಡು ಹೆಂಗ ಮಾಡ್ಯಾಳ. ಬರದಾಳ."

ಸುವಾರ್ತಾ ಅಲ್ಲಿಯೇ ಇದ್ದಳು. ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು ನನ್ನ ಎದುರಿಗೆ ಬಂದು ಕುಳಿತಳು.

"ಯವ್ವಾ, ನನ್ನ ಗುಳಿಗಿ ನಿಲ್ಲಸ್ತೀರಿ ಅಂತ ನೀ ದೇವರಿಗಿ ಬರದಿ. ನನಗ ಹೇಳಿದ್ದೇನು?"

"ನಿನಗ ಯಾಕ ಚಿಂತಿ ಅಂತ…"

"ಬೀಳಾಕಿ ನಾನು. ಸುಡೂದು ನನ್ನ ಕೈ. ನನಗಷ್ಟ ಗೊತ್ತಿರಬಾರದು?"

"ಸಣ್ಣ ದನಿಲೆ ಮಾತಾಡು," ಎಂದರು ಅತ್ತೆ. "ಗ್ವಾಡಿ ಆಚೀಕ ಜನ ಇದ್ದಾರ."

"ಜನ ಅಂದ್ರ ಜೈತುನಬಿ ಚಾಚಿ. ಆಕಿಗಿ ಫಿಟ್ಸ್ ಗೊತ್ತದ. ಗುಳಿಗಿ ಮಾತು ನನಗ ಗೊತ್ತಿರಲಿಲ್ಲ."

ಆ ವಾರವೆಲ್ಲ ಅವಳು ನನ್ನ ಜೊತೆ ಕೆಲಸದ ಮಾತು ಮಾತ್ರ ಆಡಿದಳು. ನೀರು ತರಲಾ, ದೀಪಕ್ಕೆ ಎಣ್ಣೆ ಇದೆಯಾ, ಇಷ್ಟೇ. ತಾನು ಒಯ್ದಿದ್ದ ಬಾಲವಾಡಿಯ ವಹಿಯನ್ನು ತಂದು, ಬರೆದ ಎರಡು ಹಾಳೆ ಹರಿದು, ಉಳಿದದ್ದನ್ನು ಡಬ್ಬಿಯ ಹಿಂದೆ ಇಟ್ಟಳು. "ನಿನಗ ಬೇಕಾಗ್ತದ, ಬರಿ," ಎಂದಳು. ಅದು ನನಗೆ ಏಟು ಹೊಡೆದಂತಾಯಿತು. ನಾನು ಅದನ್ನು ಮುಟ್ಟಲಿಲ್ಲ.

ಹತ್ತನೆಯ ದಿನ ಯಡ್ರಾಮಿಯಿಂದ ಮಾತು ಬಂತು. ಹುಡುಗಿ ಒಪ್ಪಿಗೆ. ಯೇಸುವಿನ ಶ್ರಮೆ ನೆನೆಯುವ ಉಪವಾಸದ ನಲವತ್ತು ದಿನ ಮುಗಿದು ಈಸ್ಟರ್ ಆದ ಮೇಲೆ ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಓದಿಸಿ, ಮೇ ತಿಂಗಳಲ್ಲಿ ಮದುವೆ. ಅತ್ತೆ ಸಕ್ಕರೆ ಹಂಚಿದರು.

"ನೋಡಿದ್ಯಾ? ಅವರು ಓದಿಲ್ಲ. ಓದಿದ್ರ ಹೂಂ ಅಂತಿದ್ರೇನು?"

"ಇನ್ನಾ ಓದಿಲ್ಲ, ಅಷ್ಟ," ಎಂದೆ.

ಜೈತುನಬಿ ಸಕ್ಕರೆ ಬಾಯಿಗೆ ಹಾಕಿಕೊಂಡು, "ಅಂಬಕ್ಕಾ, ಮಗಳಿಗಿ ಸುಖ ಆಗಲಿ. ಖರೇ ಹೇಳ್ತೀನಿ, ಸಿಟ್ಟ ಮಾಡಬ್ಯಾಡ. ಅವತ್ತು ನಾ ಇದ್ದೆ, ಎಳದೆ. ಯಡ್ರಾಮ್ಯಾಗ ಜೈತುನಬಿ ಇರಂಗಿಲ್ಲ," ಎಂದಳು. ಅತ್ತೆ ಅವಳ ಕೈಯಿಂದ ಸಕ್ಕರೆಯ ಬಟ್ಟಲು ತೆಗೆದುಕೊಂಡು ಒಳಗೆ ಹೋದರು.

ವಹಿ ತರಲು ಗಂಡನನ್ನು ಯಡ್ರಾಮಿಗೆ ಕಳಿಸುವುದೆಂದು ಅತ್ತೆಯೇ ಉಪಾಯ ಮಾಡಿದರು. ಅಂಗಡಿಯಿಂದ ಆರು ಹೊಸ ವಹಿ ಕೊಂಡರು, ಗಟ್ಟಿ ರಟ್ಟಿನವು. ಹಳೆಯದರಲ್ಲಿ ಹಾಳೆ ಸರಿಯಿಲ್ಲ, ಇವನ್ನು ಇಟ್ಟುಕೊಂಡು ಅವನ್ನು ಕೊಡಿ ಎಂದು ಕೇಳಬೇಕು. ಬೆಳಗಿನ ಬಸ್ಸಿಗೆ ಹೋದ ಗಂಡ ಸಂಜೆ ಬಂದರು. ಕೈಯಲ್ಲಿ ಅದೇ ಹೊಸ ಆರು ವಹಿ.

"ಏನಂದ್ರು?"

"'ದೇವರ ಮನ್ಯಾಗ ಲಿಲಾವಿನಾಗ ತಗೊಂಡದ್ದು ತಿರುಗಿ ಕೊಡತಾರೇನ್ರಿ ಬೀಗ್ರ?' ಅಂದ್ರು. ಚಹಾ ಕೊಟ್ರು, ಭಜಿ ಕೊಟ್ರು. ಐದು ವಹಿ ಮೊಮ್ಮಕ್ಕಳ ಕೈಯಾಗ ಅವ. ತಿರುವಿ ನೋಡಿದೆ, ಖಾಲಿ ಇದ್ದವು."

"ಆರನೇದು?"

ಗಂಡ ಟೋಪಿ ತೆಗೆದು ಗೂಟಕ್ಕೆ ಹಾಕಿದರು. "ಗ್ವಾಡಿ ಮಾಡದಾಗ ಬೈಬಲ್ ಮ್ಯಾಲ ಅದ. ಬಿಳಿ ಅರಿವ್ಯಾಗ ಸುತ್ತಿ ಇಟ್ಟಾರ."

ಖಾಲಿ ವಹಿಯನ್ನು ಯಾರೂ ಬಟ್ಟೆಯಲ್ಲಿ ಸುತ್ತಿ ಇಡುವುದಿಲ್ಲ.

"ಓದ್ಯಾರ," ಎಂದರು ಗಂಡ. "ಓದಿ ಇಟ್ಟುಕೊಂಡಾರ. ಮದಿವಿ ದಿನ ನಾಲ್ಕು ಮಂದ್ಯಾಗ ತಗದು ಓದತಾರ. ನನ್ನ ಮಾರಿ ಎಲ್ಲಿ ಇಟ್ಟುಕೊಳ್ಳಲಿ?"

"ನಾವೇ ಹೋಗಿ ಹೇಳಿಬಿಡೋಣ್ರಿ," ಎಂದೆ.

"ಯಾರು ಹೇಳಾಕಿ? ನೀ ಹೇಳ್ತಿಯೇನು? ಕೂಟದಾಗ ಎದ್ದು ನಾಕು ಮಾತು ಪ್ರಾರ್ಥನಿ ಮಾಡಾಕ ಬರಂಗಿಲ್ಲ ನಿನಗ!"

ಅವರು ಹೇಳಿದ್ದು ಸುಳ್ಳಲ್ಲ. ನಾನು ಪಾತ್ರೆ ತೊಳೆಯಲು ಹೊರಗೆ ಹೋದೆ.

ಈಸ್ಟರ್ ಆಯಿತು. ಮುಂದಿನ ಭಾನುವಾರ ಪಾಸ್ಟರರು ಕನ್ನಡಕ ಹಾಕಿಕೊಂಡು ಚೀಟಿ ಓದಿದರು. ಜೇವರ್ಗಿಯ ಸಮುವೇಲಪ್ಪನವರ ಮಗಳು ಸುವಾರ್ತಾ, ಯಡ್ರಾಮಿಯ ಸುಭದ್ರಾಬಾಯಿಯವರ ಮಗ ಪ್ರಭುದಾಸ, ಇವರ ಮದುವೆಗೆ ಯಾರಿಗಾದರೂ ಅಡ್ಡಿ ತಿಳಿದಿದ್ದರೆ ಸಭೆಯ ಮುಂದೆ ತಿಳಿಸಬೇಕು, ಇದು ಮೊದಲನೆಯ ಸಾರಿ. ಇಷ್ಟು ಓದಿ, ನಿಯಮದಂತೆ ಸ್ವಲ್ಪ ಹೊತ್ತು ನಿಲ್ಲಿಸಿ ಸಭೆಯನ್ನು ನೋಡುತ್ತಾರೆ. ಆ ಸ್ವಲ್ಪ ಹೊತ್ತಿನಲ್ಲಿ ನನ್ನ ಸೆರಗಿನ ತುದಿ ಬೆವರಿನಿಂದ ಒದ್ದೆಯಾಯಿತು. ಪಕ್ಕದಲ್ಲಿ ಕುಳಿತ ಅತ್ತೆ ನನ್ನ ತೊಡೆಯ ಮೇಲೆ ಕೈ ಇಟ್ಟು ಒತ್ತಿ ಹಿಡಿದಿದ್ದರು, ನಾನು ಎಲ್ಲಿ ಎದ್ದು ನಿಲ್ಲುತ್ತೇನೋ ಎಂದು.

ಅದೇ ದಿನ ಗುಳಿಗೆಯ ಡಬ್ಬಿ ಕಾಣೆಯಾಯಿತು.

ಗೂಡಿನಲ್ಲಿ ಹುಡುಕಿದೆ, ಟ್ರಂಕಿನಲ್ಲಿ ಹುಡುಕಿದೆ. ಕೊನೆಗೆ ಅತ್ತೆಯ ಮುಂದೆ ಹೋಗಿ ನಿಂತೆ. "ಎಲ್ಲಿ ಇಟ್ಟೀರಿ ಯತ್ತಿ?"

"ತಿಂಗಳ ಉಳೀತು. ಈಗ ನಿಲ್ಲಿಸಬೇಕು."

"ಕೊಡ್ರಿ."

"ಮೂರು ವರ್ಷ ಬಿದ್ದಿಲ್ಲ ಹುಡುಗಿ!"

"ಗುಳಿಗಿ ನುಂಗಿದ್ದಕ್ಕ ಬಿದ್ದಿಲ್ಲ. ಕೊಡ್ರಿ, ಕಾಲು ಬೀಳ್ತೀನಿ."

ಅವರು ಕೊಡುವ ಮೊದಲೇ ಸುವಾರ್ತಾ ಬಂದು, ಅಜ್ಜಿಯ ಹಾಸಿಗೆಯ ಸುರುಳಿಗೆ ಕೈ ಹಾಕಿ, ಡಬ್ಬಿ ತೆಗೆದಳು. "ಆಯಿ, ನೀ ಏನ ಬಚ್ಚಿಟ್ರೂ ಅಲ್ಲೇ ಇಡತಿ," ಎಂದಳು. ನಗಲಿಲ್ಲ. ಡಬ್ಬಿಯನ್ನು ತನ್ನ ಬಾಲವಾಡಿಯ ಚೀಲದಲ್ಲಿ ಹಾಕಿಕೊಂಡಳು. ಅಂದಿನಿಂದ ಅದು ಅವಳ ಹತ್ತಿರವೇ ಇತ್ತು.

ಎರಡನೆಯ ಭಾನುವಾರವೂ ಹೆಸರು ಓದಿದರು. ಯಾರೂ ಏಳಲಿಲ್ಲ.

ಅದಾದ ಗುರುವಾರ ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಸುಭದ್ರಾಬಾಯಿ. ಒಂದು ಕೈಯಲ್ಲಿ ಉಪ್ಪಿನಕಾಯಿಯ ಬರಣಿ, ಇನ್ನೊಂದು ಕೈಯಲ್ಲಿ ಚೀಲ.

"ಬಿಸಿಲು ಏನ್ ಬಿಸಿಲ್ರವ್ವ! ಬಸ್ಸಿನಾಗ ಕುಂತ್ರ ತವದ ಮ್ಯಾಲ ಕುಂತಂಗ ಆತು."

ಅತ್ತೆ ಚಾಪೆ ಹಾಸಿದರು, ನಾನು ನೀರು ಕೊಟ್ಟೆ. ಗಂಡ ಊಟಕ್ಕೆ ಬಂದವರು ಬಾಗಿಲಲ್ಲೇ ನಿಂತು ಕೈ ಮುಗಿದರು. ಸ್ವಲ್ಪ ಹೊತ್ತಿಗೆ ಸುವಾರ್ತಾಳೂ ಬಂದಳು. ಬಂದವಳು ಬೀಗತಿಯ ಮಡಿಲಲ್ಲಿದ್ದ ಬಿಳಿ ಬಟ್ಟೆಯ ಗಂಟು ನೋಡಿ ಚೀಲ ಇಳಿಸದೆ ಹಾಗೆಯೇ ನಿಂತಳು.

ಸುಭದ್ರಾಬಾಯಿ ರೊಟ್ಟಿ, ಪುಂಡಿಪಲ್ಯ ಹಾಕಿಸಿಕೊಂಡು ಎರಡು ತುತ್ತು ತಿಂದರು. ಎಡಗೈಯಿಂದ ಗಂಟು ಬಿಚ್ಚಿದರು.

"ಇದಕ್ಕಂತ ಬಂದೀನಿ. ನಿಮ್ಮ ಆರು ವಹ್ಯಾಗ ಒಂದರಾಗ ಬರದದ್ದು ಅದ. ನನಗ ಅಕ್ಷರ ಬರಂಗಿಲ್ಲ. ಮೊಮ್ಮಗಳು ಒಂದನೇತ್ತೆ, ಆಕಿಗಿ ದೊಡ್ಡಕ್ಷರ ಅಷ್ಟ ಬರ್ತಾವ. 'ಆಯಿ, ಹಾಳಿ ಹಾಳಿ ಮ್ಯಾಲ ಪ್ರಭುವೇ ಅಂತ ಅದ' ಅಂದ್ಳು. ಪ್ರಾರ್ಥನಿ ಬರದು ಕಳಿಸ್ಯಾರ ನಮ್ಮ ಬೀಗತಿ ಅಂತ ಬೈಬಲ್ ಮ್ಯಾಲ ಇಟ್ಟೆ. ದಿನಾ ಅದರ ಮ್ಯಾಲ ಕೈ ಇಟ್ಟು ಪ್ರಾರ್ಥನಿ ಮಾಡ್ತೀನಿ. ಮಗಗ ಓದಪ್ಪ ಅಂದ್ರ, 'ಪೆನ್ಸಿಲ್ ಅಕ್ಷರ ಚಿಮಣಿ ಬೆಳಕಿಗಿ ಕಾಣಂಗಿಲ್ಲವ್ವ' ಅಂತಾನ. ಮತ್ತ ಯಾರ ಕೈಲಿ ಓದಿಸೂದು? ಬರದವರೇ ಓದಲಿ ಅಂತ ತಂದೀನಿ. ಒಂದ ಒಂದು ಓದ್ರಿ, ಅಂಬುಬಾಯಿ. ಕೇಳಿ ಹೋಗ್ತೀನಿ."

ವಹಿ ನನ್ನ ಕೈಗೆ ಬಂತು. ಹಿಟ್ಟಿನ ಕೈ ಒರೆಸಿಕೊಂಡೆ. ಅತ್ತೆ ಅವರ ಬೆನ್ನ ಹಿಂದೆ ನಿಂತು ನನಗೆ ಕಣ್ಣು ಮಾಡಿದರು. ನನಗೆ ಅರ್ಥವಾಯಿತು. ಇವರಿಗೆ ಓದಲು ಬರುವುದಿಲ್ಲ. ಇಲ್ಲಿ ಏನು ಬರೆದಿದೆ ಎಂದು ನಾನು ಹೇಳಿದರೆ ಅದೇ ಬರೆದಿದೆ.

ನಾನು ಮಧ್ಯದ ಒಂದು ಹಾಳೆ ತೆರೆದು, ಬಾಯಿಪಾಠವಿದ್ದ ಒಂದು ಕೀರ್ತನೆಯನ್ನು ಓದಿದಂತೆ ಹೇಳತೊಡಗಿದೆ. ದನಿ ನಡುಗಲಿಲ್ಲ. ಜನ್ಮದಲ್ಲಿ ಮೊದಲನೆಯ ಸಲ ನಾಲ್ಕು ಜನರ ಮುಂದೆ ನನ್ನ ನಾಲಿಗೆ ಒಣಗಲಿಲ್ಲ, ಅದೂ ಸುಳ್ಳು ಹೇಳುವಾಗ. ಸುಭದ್ರಾಬಾಯಿ ತುತ್ತು ನಿಲ್ಲಿಸಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಸುವಾರ್ತಾ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಹಾಳೆಯ ಮೇಲೆ ನೋಡಿದಳು, ನನ್ನ ಮುಖ ನೋಡಿದಳು. ಮೆಲ್ಲಗೆ ವಹಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಅದು ಇದರಾಗ ಇಲ್ರಿ," ಎಂದಳು. "ಯವ್ವ ಬಾಯಿಪಾಠ ಹೇಳಾಕತ್ತಾಳ. ಇದರಾಗ ಇದ್ದದ್ದು ನಾ ಓದ್ತೀನಿ."

"ಸುವಾರ್ತಾ!" ಎಂದರು ಗಂಡ.

ಅವಳು ಹಾಳೆ ತಿರುವುತ್ತಾ ಹೋಗಿ ಒಂದು ಕಡೆ ನಿಂತಳು. ಬಾಲವಾಡಿಯ ಮಕ್ಕಳಿಗೆ ಓದುವ ಹಾಗೆ, ಬಿಡಿಸಿ ಬಿಡಿಸಿ ಓದಿದಳು.

"'ಪ್ರಭುವೇ, ಭಾನುವಾರ ಯಡ್ರಾಮಿಯವರು ಬರುತ್ತಾರೆ. ಮದುವೆಗೆ ತಿಂಗಳಿರುವಾಗ ಮಗಳ ಗುಳಿಗೆ ನಿಲ್ಲಿಸಬೇಕು ಎನ್ನುತ್ತಾರೆ ಅತ್ತೆ. ನಿಲ್ಲಿಸಬಾರದು ಎಂದು ಡಾಕ್ಟರು ಹೇಳಿದ್ದಾರೆ. ಚೀಟಿ ಹರಿಯುತ್ತಾ ಬಂದಿದೆ, ಗುಳಿಗೆಯ ಹೆಸರು ಇಂಗ್ಲಿಷಿನಲ್ಲಿ ಇದ್ದ ಹಾಗೆ ಕೆಳಗೆ ಬರೆದಿಡುತ್ತೇನೆ. ಮೂರು ವರ್ಷದಿಂದ ಫಿಟ್ಸ್ ಬಂದಿಲ್ಲ. ಬಂದರೆ ಅವಳು ಎಡಕ್ಕೆ ಬೀಳುತ್ತಾಳೆ. ಆ ಮನೆಯಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ. ಅಲ್ಲಿ ಒಲೆ ಎಲ್ಲಿದೆಯೋ. ನನಗೆ ಹೇಳುವ ಬಾಯಿ ಇಲ್ಲ. ಯಾರ ಬಾಯಿಂದಲಾದರೂ ಹೇಳಿಸು.'"

ವಹಿ ಮುಚ್ಚಿದಳು. "ಮೂರು ವರ್ಷ ಅಂತ ಬರದಾಳ ಯವ್ವ. ಮೂರು ವರ್ಷ ಎರಡು ತಿಂಗಳು," ಎಂದು ಸೀರೆಯ ಸೆರಗು ಸರಿಸಿ ಎಡಗೈ ಚಾಚಿದಳು. "ಇದು ಎಣ್ಣಿ ಸಿಡದದ್ದಲ್ರಿ."

ಒಲೆಯ ಮೇಲೆ ರೊಟ್ಟಿ ಸೀದು ವಾಸನೆ ಬಂತು. ಯಾರೂ ಏಳಲಿಲ್ಲ.

ಸುಭದ್ರಾಬಾಯಿ ಆ ಕಲೆಯನ್ನು ಬಹಳ ಹೊತ್ತು ನೋಡಿದರು. ನಂತರ ತಟ್ಟೆಯಲ್ಲಿ ಉಳಿದಿದ್ದನ್ನು ಊಟ ಮಾಡಿ ಮುಗಿಸಿದರು. ಕೈ ತೊಳೆದುಕೊಂಡರು. ವಹಿಗೆ ಕೈ ಚಾಚಿದರು.

"ಕೊಡು. ಅದು ನಂದು. ಲಿಲಾವಿನಾಗ ತಗೊಂಡೀನಿ."

ಸುವಾರ್ತಾ ಕೊಟ್ಟಳು.

"ಅನ್ನ ಬಿಟ್ಟು ಏಳಬಾರದು ಅಂತ ಕುಂತಿದ್ದೆ," ಎಂದರು ನನ್ನ ಕಡೆ ತಿರುಗಿ. "ಎರಡು ತಿಂಗಳು ಇದರ ಮ್ಯಾಲ ಕೈ ಇಟ್ಟು ಪ್ರಾರ್ಥನಿ ಮಾಡೀನ್ರಿ ನಾನು. ನೀವು ಈಗ ನನ್ನ ಮುಂದ ಕುಂತು ಕೀರ್ತನಿ ಹೇಳಿದ್ರಿ."

ಗಂಡ ಬಸ್ಸಿನವರೆಗೆ ಹೋಗುತ್ತೇನೆ ಎಂದರೆ ಬೇಡ ಎಂದರು. ಉಪ್ಪಿನಕಾಯಿಯ ಬರಣಿ ಚಾಪೆಯ ಪಕ್ಕದಲ್ಲೇ ಉಳಿಯಿತು.

ಅವತ್ತು ಅತ್ತೆ ಊಟ ಮಾಡಲಿಲ್ಲ. "ಬಂದ ಭಾಗ್ಯ ಬಾಗಲಾಗಿಂದ ತಿರುಗಿಸಿದ್ಯಲ್ಲ ಹುಡುಗಿ! ನಿನ್ನ ಬಾಯಾಗ ಮಣ್ಣು ಬೀಳಲಿ!" ಎಂದು ಮೊಮ್ಮಗಳಿಗೆ ಬೈದರು, ಅತ್ತರು, ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಗಂಡ ಶಾಲೆಗೆ ಹೋದವರು ಕತ್ತಲಾದ ಮೇಲೆ ಬಂದರು. ಪಾಸ್ಟರರ ಹತ್ತಿರ ಹೋಗಿ ಮೂರನೆಯ ಸಾರಿ ಓದಬೇಡಿ ಎಂದು ಹೇಳಿ ಬರುತ್ತೇನೆ ಎಂದವರು, ಅವರ ಮನೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದಿದ್ದರು.

ನಾನು ಸುವಾರ್ತಾಳ ತಲೆಗೆ ಎಣ್ಣೆ ಹಚ್ಚಲು ಕುಳಿತೆ. ಬೇಡ ಎನ್ನಲಿಲ್ಲ ಅವಳು.

"ನಾ ತಪ್ಪು ಮಾಡಿದೆನವ್ವ," ಎಂದೆ.

"ಬರದದ್ದು ತಪ್ಪಲ್ಲ," ಎಂದಳು. "ಇವತ್ತು ಅದರಾಗ ಇಲ್ಲದ್ದು ಓದಿದ್ದು ತಪ್ಪು."

ಶನಿವಾರ ಅತ್ತೆ ಹಾಸಿಗೆಯಲ್ಲೇ ಕುಳಿತು ಮೊಮ್ಮಗಳನ್ನು ಕೂಗಿದರು. "ಏ ಹುಡುಗಿ, ಗುಳಿಗಿ ನುಂಗಿದ್ಯಾ ಇಲ್ಲಾ?" ಅವಳ ಏಳನೆಯ ವರ್ಷದಲ್ಲಿ ಬೇನೆ ಶುರುವಾದಾಗಿನಿಂದ ಇಲ್ಲಿಯವರೆಗೆ ಅವರು ಒಮ್ಮೆಯೂ ಹಾಗೆ ಕೇಳಿರಲಿಲ್ಲ. "ಮದಿವಿ ಹೋತು. ಗುಳಿಗಿಯರೆ ನುಂಗು."

ಭಾನುವಾರ ಚರ್ಚಿಗೆ ಹೋಗುವುದು ಬೇಡ ಎಂದರು ಗಂಡ. ಸುವಾರ್ತಾ ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು, ಮೊದಲು ಹೊರಗೆ ನಿಂತಳು. ಹಿಂದಿನಿಂದ ನಾವೂ ಹೊರಟೆವು.

ಪಾಸ್ಟರರು ಕನ್ನಡಕ ಹಾಕಿಕೊಂಡು ಚೀಟಿ ತೆಗೆದರು. ಆಗಲೇ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸಪ್ಪಳವಾಯಿತು. ಖಾಕಿ ಅಂಗಿಯ ಒಬ್ಬ ಹುಡುಗ ಬಂದು ಗಂಡಸರ ಕಡೆ, ಕೊನೆಯ ಸಾಲಿನಲ್ಲಿ ಕುಳಿತ. ಪ್ರಭುದಾಸ. ಒಬ್ಬನೇ ಬಂದಿದ್ದ. ಅವನು ಮುಂದಿನವನ ಹೆಗಲು ಮುಟ್ಟಿ ಏನೋ ಕೊಟ್ಟ. ಅದು ಕೈಯಿಂದ ಕೈಗೆ ದಾಟಿ, ಹೆಂಗಸರ ಕಡೆ ಬಂದು, ನನ್ನ ಮಡಿಲು ಸೇರಿತು. ನನ್ನ ವಹಿ.

"…ಇದು ಮೂರನೆಯ ಸಾರಿ," ಎಂದು ಪಾಸ್ಟರರು ಓದಿ ನಿಲ್ಲಿಸಿದರು.

ನಾನು ವಹಿ ತೆರೆದೆ. ಹಾಳೆ ಹಾಳೆ ತಿರುವಿದೆ. ಸುವಾರ್ತಾ ಓದಿದ ಆ ಹಾಳೆ ಇರಲಿಲ್ಲ. ದಾರದ ಹತ್ತಿರ ಹರಿದ ಅಂಚು ಮಾತ್ರ ಉಳಿದಿತ್ತು.

"ಹರದಾನ," ಎಂದು ಪಿಸುಗುಟ್ಟಿದರು ಅತ್ತೆ. "ಎದ್ದು ನಿಂತು ಓದತಾನ ಈಗ." ಅವರ ಕೈ ಮತ್ತೆ ನನ್ನ ತೊಡೆ ಹಿಡಿಯಿತು.

ಪಾಸ್ಟರರು ಸಭೆಯನ್ನು ನೋಡಿದರು. ಪ್ರಭುದಾಸ ತಲೆ ತಗ್ಗಿಸಿ ಕುಳಿತಿದ್ದ. ಏಳಲಿಲ್ಲ. ಪಾಸ್ಟರರು ಚೀಟಿ ಮಡಚಿ ಬೈಬಲಿನಲ್ಲಿ ಇಟ್ಟರು. ಹಾಡು ಶುರುವಾಯಿತು.

ಹೊರಗೆ ಬೇವಿನ ಮರದ ಕೆಳಗೆ ಅವನೇ ನಮ್ಮ ಹತ್ತಿರ ಬಂದ. ಗಂಡನಿಗೆ ಕೈ ಮುಗಿದ.

"ನಮ್ಮವ್ವ ಬಂದಿಲ್ರಿ. ಮಾತು ಬಿಟ್ಟಾಳ ಮನ್ಯಾಗ. ಹೆಣ್ಣಿನ ಮ್ಯಾಲ ಸಿಟ್ಟಿಲ್ಲ, ನಿಮ್ಮ ಮೂರೂ ಮಂದಿ ಮ್ಯಾಲ ಸಿಟ್ಟದ. ನನಗೂ ಅದರಿ."

ನಾನು ಕೇಳಿದೆ: "ಆ ಹಾಳಿ?"

ಅವನು ಅಂಗಿಯ ಕಿಸೆ ಮುಟ್ಟಿ ತೋರಿಸಿದ. "ಇಲ್ಲಿ ಅದರಿ. ಗುಳಿಗಿ ಹೆಸರು ಅದರಾಗ ಅದ. ಯಡ್ರಾಮ್ಯಾಗ ಸಿಗಂಗಿಲ್ಲ. ಗುಲಬರ್ಗಾದಾಗ ವಾರಕ್ಕ ಎರಡು ಸಲ ನನ್ನ ಗಾಡಿ ನಿಲ್ಲತದ."

ಸುವಾರ್ತಾ ಮುಂದೆ ಬಂದು ಅವನನ್ನು ಕೇಳಿದಳು.

"ನಿಮ್ಮ ಮನ್ಯಾಗ ಒಲಿ ಎಲ್ಲಿ ಅದ?"

"ಹಾಂ?"

"ಒಲಿ. ಅಡಗಿ ಮಾಡೂದು. ಎಲ್ಲಿ ಅದ?"

"ಮೂಲ್ಯಾಗ. ನೆಲದ ಮ್ಯಾಲ." ಅವನು ಕೈಯಿಂದ ಗಾಳಿಯಲ್ಲಿ ಮನೆ ತೋರಿಸಿದ. "ಹಿಂಗ ಕುಂತ್ರ ಎಡಕ್ಕ ಬರ್ತದ ನೋಡು."

"ಎಡಕ್ಕ ಇರಬಾರದು. ಎಡಕ್ಕ ಬರೇ ಗ್ವಾಡಿ ಇರಬೇಕು ನನಗ. ಒಲಿ ಬಲಕ್ಕ ಬರಬೇಕು."

ಅವನು ಯೋಚಿಸುತ್ತಾ ನಿಂತ. "ನಮ್ಮವ್ವ ಹಾಕಿದ ಒಲಿ ಅದು. ಕೆಡವಿದ್ರ ಇನ್ನಾ ಸಿಟ್ಟಾಗ್ತಾಳ. ನನಗರೆ ಒಲಿ ಹಾಕಾಕ ಬರಂಗಿಲ್ಲ."

ಅತ್ತೆ ಇಷ್ಟು ಹೊತ್ತು ನನ್ನ ಬೆನ್ನ ಹಿಂದೆ ಅಡಗಿದ್ದರು. ಈಗ ನನ್ನನ್ನು ಸರಿಸಿ ಮುಂದೆ ಬಂದರು. ಮೊಣಕಾಲಿನ ಮೇಲೆ ಕೈ ಊರಿಕೊಂಡು ಅವನ ಮುಖಕ್ಕೆ ಮುಖ ಕೊಟ್ಟು ನಿಂತರು.

"ನಾ ಹಾಕ್ತೀನಿ. ನಾಳಿ ಬರ್ತೀನಿ. ನಿಮ್ಮವ್ವ ಬಾಗಲಾಗ ನಿಲ್ಲಿಸಿದ್ರ ನಿಲ್ತೀನಿ, ಬೈದ್ರ ಬೈಸ್ಕೊಂತೀನಿ. ಒಲಿ ಹಾಕಿ ಒಣಗೂತನಕ ನಿಮ್ಮ ಕಟ್ಟಿ ಮ್ಯಾಲ ಬಿದ್ದಿರ್ತೀನಿ." ಅವನ ಖಾಕಿ ತೋಳು ಹಿಡಿದುಕೊಂಡು ಕೇಳಿದರು: "ಏನಪಾ, ಯಡ್ರಾಮ್ಯಾಗ ಹುತ್ತಿನ ಮಣ್ಣು ಸಿಗತದೇನು, ಇಲ್ಲಿಂದ ಒಯ್ಯಬೇಕೋ?"